ಚಿಲಕ ಎಂದು ಕರೆದದ್ದು

ಸೋಮವಾರ, ಮಧ್ಯಾಹ್ನ

ಹೆತ್ತ ಮಗಳಿಗೆ ಅಮ್ಮ ಮನಸಾರೆ ಹರಸಿ ಬರೆಯುವುದು.

ಲಕೋಟೆಯ ಮೇಲೆ ಮಠದಲ್ಲಿ ನಿನಗಿಟ್ಟ ಹೆಸರನ್ನೇ ಹಾಕಿದ್ದೇನೆ, ಅದರ ಮುಂದೆ ‘ಸಿಸ್ಟರ್’ ಎಂದೂ ಬರೆದಿದ್ದೇನೆ. ಅದು ಹೊರಗಿನವರಿಗೆ. ಒಳಗೆ ನೀನು ನನ್ನ ಮಗಳು. ನಾಲ್ಕು ಜನರ ಮುಂದೆ ಹೆತ್ತ ಮಗಳಿಗೇ ‘ಬನ್ನಿ ಸಿಸ್ಟರ್, ಕೂತ್ಕೊಳ್ಳಿ ಸಿಸ್ಟರ್’ ಎಂದು ಹೇಳಿ ಹೇಳಿ ನನ್ನ ನಾಲಿಗೆ ಸವೆದುಹೋಗಿದೆ. ಇಲ್ಲಿ ಯಾರೂ ನೋಡುತ್ತಿಲ್ಲ, ಬಾಯಿತುಂಬ ‘ನೀನು’ ಎನ್ನುತ್ತೇನೆ.

ನಿನ್ನ ಕಾಗದ ಗುರುವಾರ ಬಂತು. ಅದೂ ಒಂದು ಕಾಗದವೇ? ಔಷಧಿ ಬಾಟಲಿಯ ಚೀಟಿಯಲ್ಲಿ ಅದಕ್ಕಿಂತ ಹೆಚ್ಚು ಅಕ್ಷರ ಇರುತ್ತವೆ. ಅಪ್ಪ ತೀರಿಕೊಂಡ ಬೆಳಿಗ್ಗೆ ನೀನು ಯಾರ ಅಪ್ಪಣೆಯನ್ನೂ ಕೇಳದೆ ನಮ್ಮ ಬಾಗಿಲವರೆಗೆ ಬಂದಿದ್ದೆಯಂತೆ. ಒಳಗಿನಿಂದ ಅಪ್ಪ ‘ಚಿಲಕ’ ಎಂದದ್ದು ಕೇಳಿಸಿತಂತೆ. ನಿನ್ನನ್ನೇ ಕರೆದರು ಎಂದುಕೊಂಡು ಒಂದು ಹೆಜ್ಜೆ ಮುಂದಿಟ್ಟೆಯಂತೆ, ಅಷ್ಟರಲ್ಲಿ ಬಾಗಿಲ ಆ ಕಡೆ ಚಿಲಕ ಬಿದ್ದ ಸದ್ದಾಯಿತಂತೆ. ಬಂದ ದಾರಿಯಲ್ಲೇ ತಿರುಗಿ ಹೋದೆಯಂತೆ. ಕೊನೆಗೆ ಒಂದು ಸಾಲು, ‘ಅಪ್ಪನ ಇಷ್ಟ ಅಪ್ಪನದು, ನನಗೇನೂ ಬೇಸರವಿಲ್ಲ.’

ಬೇಸರವಿಲ್ಲವಂತೆ! ಯಾರ ಕಿವಿಗೆ ಹೂವು ಇಡುತ್ತೀಯೆ? ಬೇಸರವಿಲ್ಲದವಳು ಅಪ್ಪನ ಮಣ್ಣಾದ ಮೇಲೆ ಹೋಗಿ ಹೋಗಿ ಅಷ್ಟು ದೂರದ ಮಠಕ್ಕೆ ತಾನಾಗಿ ವರ್ಗ ಕೇಳಿಕೊಂಡು ಹೋಗುತ್ತಾಳೆಯೇ? ನಿಮ್ಮ ಮಠದ ದೊಡ್ಡ ಮದರ್ ಕಳಿಸಿದರು ಎಂದೇ ನಾನು ಇಷ್ಟು ದಿನ ಅವರಿಗೆ ಮನಸ್ಸಿನಲ್ಲೇ ಶಾಪ ಹಾಕುತ್ತಿದ್ದೆ, ಪಾಪ.

ಈ ಕಾಗದವನ್ನು ನಡುವೆ ಮಡಿಸಿಡಬೇಡ, ಪೂರ್ತಿ ಓದು. ನಿಮ್ಮಪ್ಪ ನಿನ್ನ ಮುಖಕ್ಕೆ ಬಾಗಿಲು ಹಾಕಿಸಲಿಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಅಷ್ಟಾದರೂ ನಿನ್ನ ಎದೆಯ ಭಾರ ಇಳಿಯಲಿ. ಆದರೆ ನಡೆದದ್ದು ಅದಕ್ಕಿಂತಲೂ ಸಂಕಟದ ವಿಷಯ. ಹೇಳದೆ ಇದ್ದರೆ ನನಗೆ ಅನ್ನ ಇಳಿಯುವುದಿಲ್ಲ.

ನಿನಗೆ ಗೊತ್ತಿರುವುದರಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ಗೊತ್ತಿರುವುದನ್ನೇ ನೀನು ಮರೆತ ಹಾಗಿದೆ. ನೀನು ಹುಟ್ಟಿದ ದಿನ ನಿಮ್ಮಪ್ಪ ಬೀಗದ ಅಂಗಡಿಯಿಂದ ಹಾಗೇ ಎದ್ದು ಬಂದಿದ್ದರು, ಕೈಯೆಲ್ಲ ಬೀಗದ ಎಣ್ಣೆ. ಮುಟ್ಟಬೇಡಿ ಎಂದು ದಾದಿ ಬೈಯುತ್ತಿದ್ದ ಹಾಗೆಯೇ ತಮ್ಮ ಬೆರಳನ್ನು ನಿನ್ನ ಅಂಗೈಗೆ ಇಟ್ಟರು. ನೀನು ಹಿಡಿದೆ ನೋಡು, ಬಿಡಲೇ ಇಲ್ಲ. ‘ಇದು ಮಗು ಅಲ್ಲ ಕಣೇ, ಚಿಲಕ’ ಎಂದರು. ಅಂದಿನಿಂದ ನಿನ್ನ ಹೆಸರು ಅದೇ ಆಯಿತು. ಪಾದ್ರಿಗಳು ನೀರು ಹಾಕಿ ಇಟ್ಟ ಹೆಸರು ಶಾಲೆಗೆ ಮಾತ್ರ.

ಆಮೇಲೆ ಅಂಗಡಿಯಲ್ಲಿ ಅವರ ಮೊಣಕಾಲ ಹತ್ತಿರ ಕೂತು ನೀನು ಕೀಲಿಗೆ ಅರ ಹಾಕುವುದನ್ನು ಕಲಿತೆ. ಹಲ್ಲು ಕೊರೆದ ಕೀಲಿಯನ್ನು ತುಟಿಗೆ ಒತ್ತಿ ನುಣುಪು ನೋಡುತ್ತಿದ್ದೆ, ಥೇಟು ಅವರ ಹಾಗೆ. ನನ್ನ ಅಂಗಡಿಗೆ ಗಂಡುಮಗ ಬೇಡ, ಚಿಲಕ ಸಾಕು ಎಂದು ಬಂದ ಗಿರಾಕಿಗಳಿಗೆಲ್ಲ ಹೇಳಿಕೊಳ್ಳುತ್ತಿದ್ದರು. ನೀನು ಆಟ ಮುಗಿಸಿ ಯಾವಾಗೆಂದರೆ ಆಗ ಮನೆಗೆ ಬರುವವಳು. ಬಾಗಿಲು ಬಡಿದರೆ ನಾನು ಬೈಯುತ್ತೇನೆಂದು ಅವರು ಚೌಕಟ್ಟಿನ ಪಕ್ಕದಲ್ಲಿ ನಿನ್ನ ಎತ್ತರಕ್ಕೆ ಒಂದು ಸಣ್ಣ ತೂತು ಕೊರೆದರು. ಒಳಗಿನ ಚಿಲಕದ ಪಟ್ಟಿಗೆ ದಾರ ಕಟ್ಟಿ ಆ ತೂತಿನಿಂದ ಹೊರಗೆ ಬಿಟ್ಟರು. ಎಳೆದರೆ ಪಟ್ಟಿ ಎದ್ದು ಬಾಗಿಲು ತೆರೆಯುತ್ತಿತ್ತು. ಅಪ್ಪ ಮಗಳ ಕಳ್ಳಾಟ ನನಗೆ ಗೊತ್ತಾಗಲಿಲ್ಲ ಎಂದುಕೊಂಡಿರಿ ಇಬ್ಬರೂ. ನಾನೇನು ಕುರುಡಿಯೇ?

ನೀನು ಮಠಕ್ಕೆ ಹೊರಟ ದಿನ ಆ ದಾರವನ್ನು ಕತ್ತರಿಸಿ, ಅರಗು ಕಾಯಿಸಿ ತೂತಿಗೆ ತುಂಬಿದರು. ನೀನು ಪೆಟ್ಟಿಗೆ ಹಿಡಿದು ನೋಡುತ್ತಾ ನಿಂತಿದ್ದೆ. ದೇವರಿಗೆ ಹೋಗುವವಳನ್ನು ತಡೆಯುವುದಿಲ್ಲ, ಆದರೆ ನಾನು ಬದುಕಿರುವವರೆಗೆ ಆ ಉಡುಪು ಈ ಹೊಸಿಲು ದಾಟಬಾರದು ಎಂದರು. ಅವರ ಹಠ ನಿನಗೆ ಗೊತ್ತು. ನಿನ್ನ ಹಠವೂ ನನಗೆ ಗೊತ್ತು. ಒಂದೇ ಕೀಲಿಯ ಎರಡು ಅಚ್ಚು ನೀವು, ನಡುವೆ ಸವೆದವಳು ನಾನು. ಅಂದಿನಿಂದ ‘ಚಿಲಕ’ ಎಂಬ ಮಾತು ಅವರ ಬಾಯಲ್ಲಿ ಬರಲಿಲ್ಲ. ಬಾಗಿಲ ಚಿಲಕಕ್ಕೂ ‘ಅದನ್ನ ಹಾಕು’ ಎನ್ನುತ್ತಿದ್ದರೇ ಹೊರತು ಹೆಸರು ಹೇಳುತ್ತಿರಲಿಲ್ಲ. ಬೀಗದ ಅಂಗಡಿ ಇಟ್ಟುಕೊಂಡು ಹಾಗೆ ಬದುಕುವುದು ಸುಲಭವಲ್ಲ, ಯೋಚಿಸಿ ನೋಡು.

ಕಳೆದ ವರ್ಷ ಅವರಿಗೆ ಲಕ್ವ ಹೊಡೆಯಿತು. ಬಲಗಡೆ ಪೂರ್ತಿ ಹೋಯಿತು, ಮಾತು ತೊದಲಾಯಿತು. ಕಣ್ಣಿನ ಪೊರೆಗೆ ಆಪರೇಷನ್ ಮಾಡಿಸಬೇಕಿತ್ತು, ಅದೂ ಆಗಲಿಲ್ಲ. ಅದೇ ಹೊತ್ತಿಗೆ ನಿಮ್ಮ ಸಿಸ್ಟರುಗಳ ಸಭೆಗೆ ನೂರು ವರ್ಷ ತುಂಬುತ್ತಿತ್ತು. ಔತಣ ಬೇಡ, ಮೆರವಣಿಗೆ ಬೇಡ, ಈ ವರ್ಷ ನಮ್ಮ ಪ್ರತಿಯೊಬ್ಬ ಸಿಸ್ಟರೂ ಹಾಸಿಗೆ ಹಿಡಿದವರ ಒಂದು ಮನೆಗೆ ಬೆಳಿಗ್ಗೆ ಹೋಗಿ ರೋಗಿಯ ಮೈ ತೊಳೆದು, ಮಗ್ಗುಲು ಬದಲಿಸಿ, ಹುಣ್ಣಿಗೆ ಔಷಧಿ ಹಚ್ಚುತ್ತಾರೆ, ಅಷ್ಟು ಹೊತ್ತು ಮನೆಯವರು ವಿಶ್ರಾಂತಿ ಪಡೆಯಲಿ ಎಂದು ದೊಡ್ಡ ಮದರ್ ಚರ್ಚಿನಲ್ಲಿ ಹೇಳಿದರು. ಒಳ್ಳೆಯ ಯೋಚನೆ. ಇಲ್ಲ ಎಂದರೆ ದೇವರು ಮೆಚ್ಚುವುದಿಲ್ಲ.

ಯಾರು ಯಾವ ಮನೆಗೆ ಎಂದು ಚೀಟಿ ಎತ್ತುತ್ತಾರೆ, ಆದರೆ ತಮ್ಮ ಸ್ವಂತ ಮನೆಗೆ ಯಾರೂ ಹೋಗಬಾರದು ಎಂಬ ನಿಯಮ ಕೇಳಿ ನಾನು ಸುಮ್ಮನಿರಲಿಲ್ಲ. ಆ ಮದರ್ ಹತ್ತಿರವೇ ಹೋದೆ, ಅವರ ಕಾಲು ಹಿಡಿಯುವುದೊಂದು ಬಾಕಿ. ಇವರು ಈಗ ಮೆತ್ತಗಾಗಿದ್ದಾರೆ, ಮಗಳನ್ನು ಒಂದು ಸಲ ಕಳಿಸಿ, ಮುಖ ನೋಡಿದರೆ ಕರಗಬಹುದು ಎಂದೆ. ಅವರು ನನ್ನ ಕೈ ಹಿಡಿದುಕೊಂಡೇ ಹೇಳಿದರು, ‘ನಮ್ಮವರಿಗೆ ಮಾಡೋದು ಕರ್ತವ್ಯ ಅಮ್ಮಾ, ಸೇವೆ ಅಲ್ಲ. ಒಬ್ಬರಿಗೆ ಸಡಿಲ ಬಿಟ್ಟರೆ ಎಲ್ಲರಿಗೂ ಬಿಡಬೇಕಾಗುತ್ತೆ.’ ಮನೆಗೆ ಮಾರಿ ಊರಿಗೆ ಉಪಕಾರಿ ಅಂತಾರಲ್ಲ ಮದರ್, ಅದೇನಾ ಇದು ಎಂದು ಕೇಳಿಯೇಬಿಟ್ಟೆ. ಅವರು ನಕ್ಕರು. ನನಗೆ ನಗು ಬರಲಿಲ್ಲ.

ನಿನಗೆ ಬಂದ ಚೀಟಿ ತಿರುವಿನಾಚೆಯ ಬೇಕರಿಯವರ ಅತ್ತೆಯದು. ನಮ್ಮ ಮನೆಗೆ ಬಂದವಳು ಗುಬ್ಬಿ ಸಿಸ್ಟರ್, ಹೊಸದಾಗಿ ಬಂದ ಆ ಪುಟ್ಟ ಹುಡುಗಿ. ಇಬ್ಬರೂ ಜೊತೆಯಾಗಿ ಬೀದಿಯ ತುದಿಯವರೆಗೆ ಬರುತ್ತಿದ್ದಿರಿ. ಅವಳು ನಮ್ಮ ಮೆಟ್ಟಿಲು ಹತ್ತುತ್ತಿದ್ದಳು, ನೀನು ಎದುರುಬದಿಯಲ್ಲಿ ತಲೆ ತಗ್ಗಿಸಿಕೊಂಡು ಮುಂದಕ್ಕೆ ಹೋಗುತ್ತಿದ್ದೆ. ನಾನು ಕಿಟಕಿಯ ಹಿಂದೆ ನಿಂತು ನೋಡುತ್ತಿದ್ದೆ. ಒಂದು ದಿನವಾದರೂ ತಲೆ ಎತ್ತಿದೆಯಾ? ಇನ್ನೊಬ್ಬರ ಅತ್ತೆಯ ಮೈ ತೊಳೆಯುವುದಕ್ಕೆ ನನ್ನ ಮಗಳು ನನ್ನ ಮನೆ ದಾಟಿ ಹೋಗುತ್ತಿದ್ದಾಳೆ ಎಂದು ಹೊಟ್ಟೆ ಉರಿಯುತ್ತಿತ್ತು. ಹೇಳಿಕೊಳ್ಳುವುದಕ್ಕೇನು ನಾಚಿಕೆ?

ಮೊದಲ ದಿನ ಆ ಹುಡುಗಿ ಒಳಗೆ ಬಂದಾಗ ನನ್ನ ಜೀವ ಕೈಯಲ್ಲಿತ್ತು. ಆ ಉಡುಪು ಹೊಸಿಲು ದಾಟಿದೆ, ಇವರು ಎಡಗೈಗೆ ಸಿಕ್ಕಿದ್ದನ್ನು ಎಸೆಯುತ್ತಾರೆ ಎಂದುಕೊಂಡೆ. ಇವರು ಎಸೆಯಲಿಲ್ಲ. ಆ ಬಿಳಿ ತಲೆವಸ್ತ್ರವನ್ನೇ ನೋಡುತ್ತಾ ಅತ್ತರು. ಲಕ್ವದವರು ಕಾರಣವಿಲ್ಲದೆ ಅಳುತ್ತಾರೆ ಎಂದು ಡಾಕ್ಟರ್ ಮೊದಲೇ ಹೇಳಿದ್ದರು, ನಾನೂ ಹಾಗೆಯೇ ತಿಳಿದೆ. ಒದ್ದೆ ಬಟ್ಟೆಯಿಂದ ಮುಖ ಒರೆಸಿ ನನ್ನ ಪಾಡಿಗೆ ಒಳಗೆ ಹೋದೆ.

ಆ ಹುಡುಗಿಗೆ ನಮ್ಮ ಭಾಷೆ ಹೊಸದು. ಅವರ ಹಾಸಿಗೆ ಇದ್ದದ್ದು ಮುಂದಿನ ಕೋಣೆಯಲ್ಲಿ, ಬೆಕ್ಕು ನುಗ್ಗುತ್ತದೆ, ಬೀದಿ ಬಾಗಿಲನ್ನು ಒಳಗಿಂದ ಹಾಕಿಕೊಂಡಿರು ಎಂದು ನಾನೇ ಮುಟ್ಟಿ ತೋರಿಸಿ ‘ಇದು ಚಿಲಕ’ ಎಂದು ಕಲಿಸಿದೆ. ನಮ್ಮ ಮನೆಯಲ್ಲಿ ಅವಳು ಕಲಿತ ಮೊದಲ ಮಾತು ಅದು. ಶಾಲೆಯ ಮಗುವಿನ ಹಾಗೆ ಎರಡು ಸಲ ಹೇಳಿಕೊಂಡಳು. ಅವಳ ಕೆಲಸದ ಬಗ್ಗೆ ಒಂದು ಮಾತೂ ಆಡುವಂತಿಲ್ಲ. ಬೆನ್ನಿನ ಹುಣ್ಣಿಗೆ ಮೂಗು ಮುಚ್ಚಿಕೊಳ್ಳದೆ ಔಷಧಿ ಹಚ್ಚುತ್ತಿದ್ದಳು, ಹಾಸಿಗೆಯ ಬಟ್ಟೆಯಲ್ಲಿ ಒಂದು ಸುಕ್ಕು ಬಿಡುತ್ತಿರಲಿಲ್ಲ. ಅವಳು ಬಂದಳೆಂದರೆ ನಾನು ಹಿಂದಿನ ಕೋಣೆಗೆ ಹೋಗಿ ಬಿದ್ದುಕೊಳ್ಳುತ್ತಿದ್ದೆ. ರಾತ್ರಿಯೆಲ್ಲ ನರಳುವವರ ಪಕ್ಕದಲ್ಲಿ ಯಾರಿಗೆ ನಿದ್ರೆ ಬರುತ್ತದೆ? ಬೆಳಗಿನ ಆ ನಿದ್ರೆ ಹೆಣದ ನಿದ್ರೆ. ಪಕ್ಕದಲ್ಲಿ ಮನೆ ಬಿದ್ದರೂ ನನಗೆ ಕೇಳಿಸುತ್ತಿರಲಿಲ್ಲ. ಅದಕ್ಕೇ ನನಗೆ ಏನೂ ಗೊತ್ತಾಗಲಿಲ್ಲ ಮಗಳೇ. ನನ್ನ ಹತ್ತಿರ ಇದ್ದಾಗ ಅವರು ‘ನೀರು’, ‘ಬೇಡ’ ಎಂಬೆರಡು ಬಿಟ್ಟು ಬೇರೆ ಮಾತೇ ಆಡುತ್ತಿರಲಿಲ್ಲ.

ಅವರು ಹೋದ ದಿನವೂ ನಾನು ಮಲಗಿದ್ದೆ. ಅವಳು ಬಂದು ಭುಜ ಅಲುಗಾಡಿಸಿ ಎಬ್ಬಿಸಿದಾಗ ಉಸಿರು ಇನ್ನೂ ಇತ್ತು. ಪಾದ್ರಿಗಳು ಬಂದು ಕೊನೆಯ ಪ್ರಾರ್ಥನೆ ಹೇಳಿ ಎಣ್ಣೆ ಹಚ್ಚುವುದಕ್ಕೂ ಉಸಿರು ನಿಲ್ಲುವುದಕ್ಕೂ ಸರಿಹೋಯಿತು. ಮಣ್ಣಿನ ದಿನ ನೀನು ಸಿಸ್ಟರುಗಳ ಸಾಲಿನಲ್ಲಿ ಕೊನೆಗೆ ನಿಂತಿದ್ದೆ. ಪೆಟ್ಟಿಗೆಯ ಹತ್ತಿರ ಬರಲಿಲ್ಲ, ಒಂದು ಹಿಡಿ ಮಣ್ಣೂ ಹಾಕಲಿಲ್ಲ. ಸತ್ತ ಮೇಲೂ ಇವಳ ಹಠ ಇಳಿಯಲಿಲ್ಲವಲ್ಲ, ಕಲ್ಲು ಇವಳು ಎಂದು ನನಗೆ ರಕ್ತ ಕುದಿಯಿತು. ಮನೆಗೆ ಬಂದ ನೆಂಟರ ಮುಂದೆ ನಿನ್ನನ್ನು ಬೈದೆ ಕೂಡ. ನೀನು ಯಾಕೆ ಹತ್ತಿರ ಬರಲಿಲ್ಲ ಎಂಬುದು ಗುರುವಾರ ನಿನ್ನ ಕಾಗದ ಓದಿದಾಗಲೇ ತಿಳಿದದ್ದು. ‘ನೀನು ಬರಬೇಡ’ ಎಂದು ಅಪ್ಪನೇ ಬಾಯಿಬಿಟ್ಟು ಹೇಳಿದ್ದಾರೆ ಎಂದುಕೊಂಡು ನೀನು ಅಷ್ಟು ದೂರ ನಿಂತಿದ್ದೆ.

ನಿನ್ನೆ ನಿಮ್ಮ ನೂರು ವರ್ಷದ ಕೊನೆಯ ಸಮಾರಂಭ. ಬಲಿಪೂಜೆ ಆದ ಮೇಲೆ ಶಾಲೆಯ ಹಾಲಿನಲ್ಲಿ ಸಭೆ ಮಾಡಿದರು. ಹಲಗೆಯ ಮೇಲೆ ಫೋಟೋಗಳನ್ನು ಅಂಟಿಸಿದ್ದರು. ಒಂದರಲ್ಲಿ ನಿಮ್ಮಪ್ಪನ ಎಡಗೈ ಮತ್ತು ಗುಬ್ಬಿ ಸಿಸ್ಟರ್ ಕೈ, ಮುಖಗಳಿಲ್ಲ. ಕೆಳಗೆ ‘ಪ್ರೀತಿಯ ಸೇವೆ’ ಎಂದು ಬರೆದಿದ್ದರು. ಸೇವೆ ಪಡೆದ ಮನೆಯವರು ಎರಡು ಮಾತಾಡಬೇಕು ಎಂದು ನನ್ನನ್ನು ಮೈಕಿನ ಮುಂದೆ ನಿಲ್ಲಿಸಿದರು. ‘ನಿಮ್ಮ ಹುಡುಗಿ ನನಗೆ ನಿದ್ರೆ ಕೊಟ್ಟಳು, ದೇವರು ಅವಳನ್ನು ಚೆನ್ನಾಗಿಟ್ಟಿರಲಿ’ ಎಂದು ಹೇಳಿ ಇಳಿದೆ. ಚಪ್ಪಾಳೆ ಹೊಡೆದರು. ನಿನ್ನ ಕಾಗದ ಆಗ ನನ್ನ ಕೈಚೀಲದಲ್ಲಿತ್ತು.

ಆಮೇಲೆ ಆ ಹುಡುಗಿಯನ್ನು ಮೂಲೆಗೆ ಕರೆದುಕೊಂಡು ಹೋಗಿ, ಅಜ್ಜ ಹೋದ ದಿನ ಏನು ನಡೆಯಿತು ಎಂದು ಕೇಳಿದೆ. ಬೈಯುತ್ತೇನೆಂದು ಹೆದರಿದಳು. ಬೈಯಲ್ಲಮ್ಮ, ಹೇಳು ಎಂದೆ. ಅವಳು ಹೇಳಿದ್ದನ್ನು ಅವಳ ಬಾಯಲ್ಲೇ ಬರೆಯುತ್ತೇನೆ.

‘ಅಜ್ಜ ದಿನಾ ಚಿಲಕ ಕೇಳ್ತದೆ ಅಮ್ಮ. ನಾನು ಬಂದ ಕೂಡ್ಲೇ “ಬಂದ್ಯಾ, ಚಿಲಕ” ಹೇಳ್ತದೆ. ನಾನು “ಬಂದೆ ಅಜ್ಜ” ಹೇಳಿ ಹೋಗಿ ಚಿಲಕ ಹಾಕ್ತೇನೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಚಿಲಕ ಹೇಳ್ತದೆ. ಹಾಕಿದೆ ಅಜ್ಜ ಅಂದ್ರೆ ಕೇಳೋದಿಲ್ಲ. ಅದಕ್ಕೆ ನಾನು ಮತ್ತೆ ಹೋಗಿ ಎತ್ತಿ, ಠಕ್ ಅಂತ ಜೋರಾಗಿ ಬಿಡ್ತೇನೆ. ಶಬ್ದ ಕೇಳಿದ್ರೆ ಅಜ್ಜ ಸುಮ್ಮನೆ ಆಗ್ತದೆ.’

ಅರ್ಥವಾಯಿತೇ ಮಗಳೇ? ಪೊರೆ ಬಂದ ಕಣ್ಣಿಗೆ ಕಂಡದ್ದು ಆ ತಲೆವಸ್ತ್ರ ಮಾತ್ರ. ಅವಳನ್ನು ನೀನೆಂದೇ ತಿಳಿದರು. ಮೊದಲ ದಿನ ಅತ್ತದ್ದು ರೋಗದಿಂದಲ್ಲ. ಅಷ್ಟು ವರ್ಷ ನುಂಗಿಕೊಂಡಿದ್ದ ಹೆಸರನ್ನು ದಿನವೂ ಬಾಯಿತುಂಬ ಕರೆದರು, ಕರೆದಾಗಲೆಲ್ಲ ಅವರ ಮಗಳು ಎದ್ದು ಹೋಗಿ ಬಾಗಿಲ ಚಿಲಕ ಹಾಕಿ ಬಂದಳು. ಅವರು ಅದಕ್ಕೆ ಏನೆಂದುಕೊಂಡರೋ! ಇನ್ನೂ ಸಿಟ್ಟಿದೆ ಇವಳಿಗೆ ಎಂದುಕೊಂಡರೋ, ಅಪ್ಪನನ್ನು ಅಣಕಿಸುತ್ತಿದ್ದಾಳೆ ಎಂದುಕೊಂಡರೋ. ಆದರೂ ಮಾರನೆಯ ದಿನ ಮತ್ತೆ ಕರೆದರು. ನಿಮ್ಮಪ್ಪ ಯಾರಿಗೂ ಎರಡನೇ ಸಲ ಕೇಳಿದವರಲ್ಲ, ನಿನಗೇ ಗೊತ್ತು.

ಕೊನೆಯ ಬೆಳಿಗ್ಗೆ ಗಂಜಿ ಬೇಡವೆಂದರಂತೆ. ಎಡಗೈಯಿಂದ ಅವಳ ಕೈ ಎಳೆದುಕೊಂಡು, ಸ್ವಾಧೀನವಿಲ್ಲದ ಬಲಗೈಯ ತೋರುಬೆರಳನ್ನು ಅವಳ ಅಂಗೈಯಲ್ಲಿ ಇಟ್ಟರಂತೆ. ಅವಳ ಬೆರಳುಗಳನ್ನು ಒಂದೊಂದಾಗಿ ಅದರ ಮೇಲೆ ಮಡಿಸಿ ಮಡಿಸಿ, ‘ಚಿಲಕ’ ಎಂದರಂತೆ. ಯಾವತ್ತಿಗಿಂತ ಜೋರಾಗಿ ಎಂದರಂತೆ. ನಿನಗೆ ಹೊರಗೆ ಕೇಳಿಸಿದ್ದು ಅದು. ಅವಳು ಮೆಲ್ಲಗೆ ಕೈ ಬಿಡಿಸಿಕೊಂಡು ಬಾಗಿಲಿಗೆ ಹೋಗಿ, ಹಾಕಿದ್ದ ಚಿಲಕವನ್ನೇ ಎತ್ತಿ ಬಿಟ್ಟಳು. ನಿನಗೆ ಕೇಳಿಸಿದ ಸದ್ದು ಅದು. ಅವಳು ತಿರುಗಿ ಬಂದಾಗ ಅವರು ಬಾಗಿಲ ಕಡೆ ನೋಡುತ್ತಿದ್ದರಂತೆ. ಆಮೇಲೆ ಕರೆಯಲಿಲ್ಲ.

ಇದನ್ನೆಲ್ಲ ಹೇಳಿ ಆ ಮಗು, ನಾನು ಸರಿಯಾಗಿ ಮಾಡಿದೆನಾ ಅಮ್ಮ, ಅಜ್ಜ ಕೇಳಿದಾಗೆಲ್ಲ ಹಾಕಿದೆ, ಒಂದು ಸಲಾನೂ ಇಲ್ಲ ಹೇಳಿಲ್ಲ ಎಂದು ನನ್ನ ಮುಖ ನೋಡಿದಳು. ‘ಒಳ್ಳೇದು ಮಾಡಿದೆ ಕಣಮ್ಮ’ ಎಂದೆ. ಆ ಮಾತಿನ ಅರ್ಥ ಅವಳಿಗೆ ಯಾವತ್ತೂ ತಿಳಿಯಬಾರದು. ನೀನೂ ಹೇಳಕೂಡದು. ಇದು ಅಮ್ಮನ ಅಪ್ಪಣೆ, ನಿಮ್ಮ ಮದರ್ ಅಪ್ಪಣೆಗಿಂತ ಒಂದು ಕೈ ಮೇಲು.

ನಿನ್ನೆಯಿಂದ ಯಾರ ಮೇಲೆ ಸಿಟ್ಟಾಗಲಿ ಎಂದು ಹುಡುಕುತ್ತಿದ್ದೇನೆ. ನಿಯಮ ಮಾಡಿದ ಮದರ್ ಮೇಲೆ ಆಗಲೇ? ಅವರು ಯಾರಿಗೂ ಕೆಟ್ಟದ್ದು ಬಯಸಲಿಲ್ಲ. ಈ ಹುಡುಗಿಯ ಮೇಲಂತೂ ಆಗದು. ಹಾಳಾದ ಭಾಷೆಯಲ್ಲಿ ಬಾಗಿಲಿಗೊಂದು ಮಗುವಿಗೊಂದು ಬೇರೆ ಬೇರೆ ಮಾತು ಇರಬಾರದಿತ್ತೇ ಎಂದರೆ, ಆ ಹೆಸರಿಟ್ಟವರೇ ನಿಮ್ಮಪ್ಪ. ಕೊನೆಗೆ ಗೋಡೆಯ ಮೇಲಿನ ಶಿಲುಬೆಯನ್ನು ನೋಡಿ ಬೈದೆ. ಆಮೇಲೆ ಹೆದರಿ ಜಪಮಾಲೆ ಹಿಡಿದೆ. ನನ್ನ ಭಕ್ತಿ ಇಷ್ಟೇ.

ಒಂದು ಮಾತು ಮಾತ್ರ ನಿಜ. ಅವರ ಮಟ್ಟಿಗೆ ಮಗಳು ದಿನವೂ ಬಂದಳು, ಮೈ ತೊಳೆದಳು, ಗಡ್ಡ ತೆಗೆದಳು, ಗಂಜಿ ಕುಡಿಸಿದಳು. ಅವರಿಗೆ ಮಗಳು ಸಿಕ್ಕಳು. ನಿನಗೆ ಅಪ್ಪ ಸಿಗಲಿಲ್ಲ. ನನಗೆ ನೀವಿಬ್ಬರೂ ಇಲ್ಲ. ಇದರಲ್ಲಿ ಸಮಾಧಾನ ಪಡಬೇಕೋ ಎದೆ ಬಡಿದುಕೊಳ್ಳಬೇಕೋ ನನಗೆ ತಿಳಿಯದು, ನೀನು ಓದಿದವಳು, ತಿಳಿದರೆ ಬರೆ. ಆದರೆ ‘ಅಪ್ಪನ ಇಷ್ಟ’ ಎಂದು ಮಾತ್ರ ಇನ್ನೊಂದು ಸಲ ಬರೆಯಬೇಡ. ಅಪ್ಪನ ಇಷ್ಟ ಏನಿತ್ತು ಎಂದು ಈಗ ನಿನಗೆ ಗೊತ್ತಾಯಿತು.

ಹೊತ್ತಿಗೆ ಸರಿಯಾಗಿ ಉಣ್ಣು. ಉಪವಾಸ ಅದು ಇದು ಎಂದು ಮೈ ಒಣಗಿಸಿಕೊಂಡರೆ ಅಲ್ಲಿಗೇ ಬಂದು ಎಲ್ಲರೆದುರು ‘ನೀನು’ ಎಂದು ಬೈಯುತ್ತೇನೆ.

ಇಂತಿ,
ಒಂಟಿ ಮನೆಯಲ್ಲಿ ಬಾಯಿ ಬಿಟ್ಟರೆ ಕೇಳುವವರಿಲ್ಲದ ನಿನ್ನ ಬಾಯಿಬಡುಕಿ
ಅಮ್ಮ

ಮರೆತ ಮಾತು: ಇದನ್ನು ಬರೆಯಬಾರದು ಎಂದೇ ಸಹಿ ಹಾಕಿದ್ದೆ, ಮನಸ್ಸು ತಡೆಯಲಿಲ್ಲ. ಆ ಚಿಲಕದ ಸದ್ದು ಇನ್ನು ಕೇಳಲಾರೆ ಎಂದು ಇವತ್ತು ಬೆಳಿಗ್ಗೆ ಪಕ್ಕದ ಅಂಗಡಿಯ ಗಡಿಯಾರ ರಿಪೇರಿಯವನನ್ನು ಕರೆದು ಬಿಚ್ಚಿಸಿದೆ. ಅವನು ತಿರುಪು ತೆಗೆದು, ‘ಅಮ್ಮಾ, ಇಲ್ಲಿ ದಾರ ಕಟ್ಟಿದಾರಲ್ಲ, ಯಾಕೆ?’ ಎಂದು ಕೇಳಿದ. ಹೋಗಿ ನೋಡಿದೆ. ಪಟ್ಟಿಯ ಹಿಂಬದಿಗೆ ದಾರವಿತ್ತು, ಅದು ನಿನ್ನ ಕಾಲದ ದಾರವಲ್ಲ. ಮೇಣ ತಿಕ್ಕಿದ ಹೊಸ ದಾರ, ಮೇಲಿನಿಂದ ಎಣ್ಣೆ ಬಿಟ್ಟಿದ್ದರು. ಹಾಸಿಗೆ ಹಿಡಿಯುವ ಮುಂಚೆ ಯಾವತ್ತೋ ನಿಮ್ಮಪ್ಪನೇ ಬದಲಿಸಿದ್ದಾರೆ, ಎಷ್ಟು ಸಲ ಬದಲಿಸಿದ್ದರೋ ಯಾರಿಗೆ ಗೊತ್ತು. ಅದರ ತುದಿಯ ಗಂಟು ಆ ತೂತಿನೊಳಗೇ ಕೂತಿತ್ತು. ಹೊರಗಿನ ಅರಗು ಬರೀ ಮುಚ್ಚಳದಷ್ಟು ತೆಳ್ಳಗಿತ್ತು, ಉಗುರಿನಲ್ಲಿ ಮೀಟಿದೆ, ಬಿತ್ತು. ಚಿಲಕವನ್ನು ಇದ್ದ ಹಾಗೇ ಮತ್ತೆ ಕೂರಿಸಿದ್ದೇವೆ. ದಾರದ ತುದಿಯನ್ನು ಹೊರಗೆ ಬಿಟ್ಟಿದ್ದೇನೆ. ತೂತು ನಿನ್ನ ಚಿಕ್ಕಂದಿನ ಎತ್ತರದಲ್ಲಿದೆ, ಬಂದಾಗ ಸ್ವಲ್ಪ ಬಗ್ಗಬೇಕಾಗುತ್ತದೆ.